ಕಾರವಾರದಲ್ಲಿ ನೀವು ಬಿದ್ದಿದ್ದು

ಅಪ್ಪಾಜಿಗೆ,

ನಿಮ್ಮ ಮಗಳು ಶಶಿ ಜಗಳೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರ ಆರೋಗ್ಯ ಚೆನ್ನಾಗಿದೆ. ಅವ್ವ ಹೊತ್ತುಹೊತ್ತಿಗೆ ಊಟ ಮಾಡುತ್ತಾಳೆ. ಹೊನ್ನಾಳಿಯ ಪಾತ್ರೆ ಅಂಗಡಿಯನ್ನು ತಮ್ಮ ಮಂಜು ನಡೆಸುತ್ತಿದ್ದಾನೆ. ನಿಮಗೆ ಬೇಕಾದ ಸುದ್ದಿ ಇಷ್ಟೇ ಇರಬಹುದು. ನಾನು ಹೇಳಬೇಕಾಗಿರುವುದು ಬೇರೆ ಇದೆ. ನೀವು ಬದುಕಿದ್ದಾಗ ನಿಮ್ಮೆದುರು ದನಿ ಎತ್ತಿದವಳಲ್ಲ ನಾನು. ಈಗ ನೀವು ನಡುವೆ ಬಾಯಿ ಹಾಕಿ "ಆಯ್ತು ಬಿಡವ್ವ" ಅನ್ನುವ ಹಾಗಿಲ್ಲವಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿಮ್ಮ ವರ್ಷದ ಪೂಜೆ ಆಯಿತು. ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ ಯಾರೋ ಕಾರವಾರದ ಕಥೆ ತೆಗೆದರು. ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದಾಗೆಲ್ಲ ಬರುವ ಕಥೆ ತಾನೆ ಅದು? ಹೆಣ್ಣು ನೋಡಲು ಬಂದವರೆಲ್ಲ ಬೇಡ ಅಂದು ಹೋದ ಮಗಳನ್ನು, ಅವಳಿಗೇ ಗೊತ್ತಾಗದ ಹಾಗೆ ಸಮುದ್ರದ ದಂಡೆಯಲ್ಲಿ ಗಂಡಿನವರಿಗೆ ತೋರಿಸಿ, ಮದುವೆ ಮಾಡಿ ಕಳಿಸಿದ ಜಾಣ ಅಪ್ಪನ ಕಥೆ. ನಾನೂ ಎಲ್ಲರ ಜೊತೆ ನಗುತ್ತೇನೆ, ಅದು ರೂಢಿಯಾಗಿಬಿಟ್ಟಿದೆ. ಆದರೆ ಅವತ್ತು ಅವ್ವ ಒಂದು ಮಾತು ಸೇರಿಸಿದಳು. "ನಿಮಗೇನು ಗೊತ್ತೈತೆ? ಅಲೆಗೆ ಸಿಕ್ಕಿ ಬಿದ್ರು ಅಂತೀರಲ್ಲ, ಅವ್ರು ಬಿದ್ದಿದ್ದು ಬೇಕಂತಲೇ. ಇವಳು ನಗಲಿ ಅಂತ. ಹುಡುಗನ ಕಡೆಯವ್ರು ನೋಡ್ತಾ ಕೂತಿದ್ರಲ್ಲ!"

ಪಡಸಾಲೆ ಹಾರಿಹೋಗುವ ಹಾಗೆ ನಕ್ಕರು ಎಲ್ಲರೂ. ಇವರು, ಅಂದರೆ ನಿಮ್ಮ ಅಳಿಯಂದಿರು, ನಗುತ್ತಿದ್ದವರು ನಡುವೆ ನಿಲ್ಲಿಸಿದರು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ.

ನಲ್ಲೂರಿನವರು ಬಂದು ಹೋದ ಸಂಜೆ ನಿಮಗೆ ನೆನಪಿದೆಯಾ? ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೋಗಿ ಹೇಳಿ ಕಳಿಸಿದ್ದರು, ಹುಡುಗಿ ಮುಖ ಗಂಟು ಹಾಕಿಕೊಂಡಿರ್ತಾಳೆ, ನಗೋದೇ ಇಲ್ಲ ಅಂತ. ಚಾಪೆಯ ಮೇಲೆ ಕೂರಿಸಿ, ಎದ್ದು ನಾಲ್ಕು ಹೆಜ್ಜೆ ನಡಿ ಅಂದು, ಕೂದಲು ನಿಜವಾದದ್ದಾ ಅಂತ ಜಡೆ ಮುಟ್ಟಿ ನೋಡುವವರ ಮುಂದೆ ಯಾರಿಗೆ ನಗು ಬರುತ್ತದೆ? ಅವತ್ತು ನಾನು ನಿಮ್ಮ ಅಂಗಡಿಗೆ ಬಂದು ಗಲ್ಲಾದ ಪಕ್ಕ ನಿಂತು ಅತ್ತಿದ್ದೆ. ಇನ್ನು ನನ್ನನ್ನು ಯಾರ ಮುಂದೂ ಕೂರಿಸಬೇಡಿ, ಇಲ್ಲೇ ಅಂಗಡಿಯಲ್ಲಿ ಪಾತ್ರೆ ಮೇಲೆ ಹೆಸರು ಕೆತ್ತಿಕೊಂಡು ಇರ್ತೀನಿ ಅಂದಿದ್ದೆ. ನನ್ನ ಅಕ್ಷರ ನಿಮಗಿಂತ ದುಂಡಗೆ ಬರುತ್ತಿತ್ತು, ಮದುವೆ ಉಡುಗೊರೆಗೆ ಬಂದವರು "ನಿಮ್ಮ ಮಗಳ ಕೈಲಿ ಬರೆಸ್ರಿ" ಅಂತ ಕೇಳುತ್ತಿದ್ದರು. ನೀವು ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದಿರಿ, "ಆಯ್ತವ್ವ, ಇನ್ಮೇಲೆ ಯಾರ ಮುಂದೂ ನಿನ್ನ ಕೂರಿಸಲ್ಲ. ಸಾಕಾ?" ನಾನು ನಂಬಿದೆ.

ಅದಾಗಿ ಸ್ವಲ್ಪ ದಿನಕ್ಕೇ ನೀವು ಮನೆಗೆ ಬಂದು, "ಎರಡು ದಿನ ಅಂಗಡಿ ಮುಚ್ಚಿ ಕಾರವಾರಕ್ಕೆ ಹೋಗಿ ಬರಾಣ, ಶಶಿ ಸಮುದ್ರ ನೋಡಿಲ್ಲ" ಅಂದಿರಿ. ಹಬ್ಬಕ್ಕೂ ಅಂಗಡಿ ಮುಚ್ಚದ ಮನುಷ್ಯ! ನನಗೋಸ್ಕರ ಮುಚ್ಚುತ್ತಿದ್ದಾರೆ ಅಂತ ನಾನು ಕುಣಿದಾಡಿದೆ. ಅವ್ವ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. ಶಿಕಾರಿಪುರದಲ್ಲಿ ಒಂದು ಬಸ್ಸು, ಶಿರಸಿಯಲ್ಲಿ ಇನ್ನೊಂದು ಬಸ್ಸು. ಘಟ್ಟ ಇಳಿಯುವಾಗ ಮಂಜು ವಾಂತಿ ಮಾಡಿದ. ಕಾರವಾರದಲ್ಲಿ ಇಳಿದ ಕೂಡಲೇ ಮೀನಿನ ವಾಸನೆಗೆ ಅವ್ವ ಸೆರಗು ಮೂಗಿಗೆ ಒತ್ತಿಕೊಂಡಳು. ನೀವು ಮಾತ್ರ ಮೀನು ಹರವಿಕೊಂಡು ಕೂತವರ ನಡುವೆಯೇ "ಎಷ್ಟು ಚೆಂದ ಊರು" ಅಂತ ನಡೆದಿರಿ. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ಸಂಜೆ ದಂಡೆಗೆ ಹೊರಡುವಾಗ ಅವ್ವ ಗುಲಾಬಿ ಬಣ್ಣದ ಹೊಸ ಸೀರೆ ತೆಗೆದಳು. "ಸಮುದ್ರಕ್ಕೆ ಯಾರಾದ್ರೂ ಹೊಸ ಸೀರೆ ಉಟ್ಕಂಡು ಹೋಗ್ತಾರೇನವ್ವ, ಉಪ್ಪುನೀರು" ಅಂದೆ. "ಫೋಟೊ ಹೊಡಿಸಾಣ, ಉಟ್ಕ" ಅಂದಳು. ಗಾಳಿಮರಗಳ ಸಾಲು ದಾಟಿದರೆ ಊರಿನ ಮಗ್ಗುಲಲ್ಲೇ ಅಷ್ಟು ನೀರು. ದೂರದಲ್ಲಿ ಗುಡ್ಡದಂಥ ದ್ವೀಪಗಳು, ನಡುವೆ ದೋಣಿಗಳು. ನಾನು ಸೀರೆ ಮರೆತು ಓಡಿದೆ. ನೀವು ಪಂಚೆ ಮೇಲೆತ್ತಿ ಕಟ್ಟಿಕೊಂಡು ನನ್ನ ಹಿಂದೆ ಬಂದಿರಿ. ಒಂದು ಅಲೆ ಬಂತು. ದೊಡ್ಡದೇನಲ್ಲ. ನೀವು ಎರಡೂ ಕೈ ಮೇಲೆತ್ತಿ "ಯಪ್ಪಾ, ಹೋದೆ!" ಅಂತ ಕೂಗಿ, ಮೂಟೆ ಉರುಳಿದ ಹಾಗೆ ಉರುಳಿದಿರಿ. ಎದ್ದಾಗ ಕನ್ನಡಕ ಒಂದೇ ಕಿವಿಗೆ ನೇತಾಡುತ್ತಿತ್ತು, ಹಣೆಯ ವಿಭೂತಿ ತೊಳೆದುಹೋಗಿತ್ತು, ಮೀಸೆ ತುಂಬ ಮರಳು.

ನಾನು ನಕ್ಕೆ ಅಪ್ಪಾಜಿ. ನಿಂತುಕೊಳ್ಳಲಾಗದೆ ನೀರಿನಲ್ಲೇ ಕೂತು ನಕ್ಕೆ. ಮನೆಯಲ್ಲಿ ನಿಮ್ಮೆದುರು ಹಲ್ಲು ಕಾಣುವ ಹಾಗೆ ನಕ್ಕವಳಲ್ಲ ನಾನು. ಅವತ್ತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ನೀವು ನನ್ನ ಕಡೆ ನೋಡಲಿಲ್ಲ, ದಂಡೆಯ ಕಡೆ ನೋಡಿದಿರಿ. ಅವ್ವನನ್ನು ನೋಡುತ್ತಿದ್ದೀರಿ ಅಂದುಕೊಂಡೆ.

ದಂಡೆಯ ಕಲ್ಲುಬೆಂಚಿನ ಮೇಲೆ ಒಂದು ಸಂಸಾರ ಕೂತಿತ್ತು. "ನೋಡವ್ವ, ಇವ್ರೂ ನಮ್ಮ ಕಡೆಯವ್ರೇ ಅಂತೆ, ಬಿಳಿಚೋಡಿನವ್ರು. ಹುಡುಗ ಇಲ್ಲೇ ಸರ್ಕಾರಿ ನೌಕರಿ" ಅಂದಿರಿ, ಆಗಷ್ಟೇ ಪರಿಚಯವಾದವರ ಹಾಗೆ. ಆ ಹೆಂಗಸು ನನಗೆ ಚುರುಮುರಿ ಪೊಟ್ಟಣ ಕೊಟ್ಟು, "ಅಡಿಗೆ ಎಲ್ಲಾ ಮಾಡಾಕೆ ಬರ್ತೈತೇನಮ್ಮ?" ಅಂದರು. ಒದ್ದೆ ಸೀರೆ ಹಿಂಡಿಕೊಳ್ಳುತ್ತ, ಬಾಯಿ ತುಂಬ ಚುರುಮುರಿ ತುಂಬಿಕೊಂಡು, "ಬರ್ತೈತೆ, ಆದ್ರೆ ಮಾಡಾಕೆ ಬೇಜಾರು" ಅಂದೆ. ಅವರೂ ನಕ್ಕರು. ಹೊನ್ನಾಳಿಗೆ ಬಂದ ಮೇಲೆ ನೀವು ಹೇಳಿದಿರಿ, ಹುಡುಗ ಒಪ್ಪಿದ್ದಾನೆ ಅಂತ. ಯಾವ ಹುಡುಗ ಅಂತ ಕೇಳಿದೆ. "ಚುರುಮುರಿ ಕೊಟ್ರಲ್ಲ, ಅವ್ರ ಮಗ." ಯಾರ ಮುಂದೂ ಕೂರಿಸಲ್ಲ ಅಂದ ಮಾತು ಏನಾಯಿತು ಅಂದರೆ, "ನಾನೆಲ್ಲಿ ಕೂರಿಸಿದ್ನವ್ವ? ನೀನೇ ನೀರಾಗೆ ಕೂತಿದ್ದೆ" ಅಂತ ತಮಾಷೆ ಮಾಡಿದಿರಿ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಇವರು ಕೇಳಿಕೊಂಡು ಈ ಕಡೆಗೇ ವರ್ಗ ಮಾಡಿಸಿಕೊಂಡರು. ಸಮುದ್ರ ತೋರಿಸಿ ಜಗಳೂರಿಗೆ ಕೊಟ್ಟಿರಿ. ಇರಲಿ, ಇವರು ಕೆಟ್ಟವರಲ್ಲ. ಒಂದು ದಿನವೂ ಕೈ ಎತ್ತಿಲ್ಲ, ಕುಡಿದು ಬಂದಿಲ್ಲ. ಅಷ್ಟು ಸಾಕು ಅಂತ ನೀವೆಲ್ಲ ತೀರ್ಮಾನಿಸಿದ್ದಿರಿ, ನಾನೂ ಹೂಂ ಅಂದೆ. ಅಂಗಡಿ ಹೋಯಿತು, ಕೆತ್ತುವ ಮಷಿನ್ನು ಮಂಜುವಿನ ಪಾಲಾಯಿತು. ಅವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ.

ಇಷ್ಟು ವರ್ಷ ನಾನು ನಿಮ್ಮನ್ನು ಹೆಂಗೆ ಕ್ಷಮಿಸಿದೆ ಗೊತ್ತಾ? ನೀವು ಬಿದ್ದದ್ದನ್ನು ನೆನೆಸಿಕೊಂಡು. ಸೀರೆ ಸುಳ್ಳು, ಪ್ರವಾಸ ಸುಳ್ಳು, ಬೆಂಚಿನ ಮೇಲಿನ ಪರಿಚಯ ಸುಳ್ಳು. ಆದರೆ ಅಪ್ಪಾಜಿ ನನ್ನ ಜೊತೆ ನೀರಿಗಿಳಿದರಲ್ಲ, ಆಟ ಆಡಲು ಹೋಗಿ ಬಿದ್ದರಲ್ಲ, ಅದೊಂದು ನನ್ನದು ಅಂದುಕೊಂಡಿದ್ದೆ. ಅವತ್ತು ಮಂಡಿಗೆ ಬಿದ್ದ ಪೆಟ್ಟು ನಿಮ್ಮನ್ನು ಕೊನೆ ತನಕ ಬಿಡಲಿಲ್ಲ. ತವರಿಗೆ ಬಂದಾಗೆಲ್ಲ ಎಣ್ಣೆ ಬಿಸಿ ಮಾಡಿ ನಿಮ್ಮ ಮಂಡಿ ತಿಕ್ಕಿದೆ. ಪಾಪ, ನನ್ನಿಂದ ಆಯಿತು ಅಂತ ತಿಕ್ಕಿದೆ. ನೀವು ಕಣ್ಣು ಮುಚ್ಚಿ ಕಾಲು ಚಾಚುತ್ತಿದ್ದಿರಿ. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ... ಹೇಳಲಿಲ್ಲ.

ಅಂಗಡಿಗೆ ಒಬ್ಬ ಹೆಂಗಸು ಬರುತ್ತಿದ್ದರು, ನಿಮಗೆ ನೆನಪಿರುತ್ತದೆ. ತಮ್ಮ ಮನೆಗೆ ಉಡುಗೊರೆ ಬಂದ ಡಬ್ಬಿ ತಂದು, "ಈ ಹೆಸರು ಉಜ್ಜಿ ನಮ್ಮ ಹೆಸರು ಹಾಕ್ಕೊಡ್ರಿ, ಇನ್ನೊಂದು ಮದುವೆಗೆ ಕೊಡಾಕೆ ಆಗ್ತೈತೆ" ಅನ್ನುತ್ತಿದ್ದರು. ನೀವು ಡಬ್ಬಿ ವಾಪಸು ಅವರ ಕಡೆ ಸರಿಸಿ, "ಬ್ಯಾಡ್ರೀ ತಾಯಿ. ನಿಮಗೆ ಅಂತ ಕೊಟ್ಟಿದ್ದನ್ನ ಇನ್ನೊಬ್ರ ಮನೆಗೆ ದಾಟಿಸೋ ಕೆಲಸ ನನ್ನ ಕೈಲಿ ಮಾಡಿಸಬ್ಯಾಡ್ರಿ" ಅನ್ನುತ್ತಿದ್ದಿರಿ. ನನಗೆ ಎಷ್ಟು ಹೆಮ್ಮೆ ಆಗುತ್ತಿತ್ತು! ಹಂಗಾದರೆ ನನ್ನ ನಗು? ಅದನ್ನು ನಾನು ನಿಮಗೆ ಅಂತ ಕೊಟ್ಟಿದ್ದೆ. ಅದರ ಮೇಲಿನ ಹೆಸರು ಉಜ್ಜಿ ಕಲ್ಲುಬೆಂಚಿನವರಿಗೆ ದಾಟಿಸಿದ್ದು ಅದೇ ಕೈ ಅಲ್ಲವಾ?

ಪೂಜೆ ಮುಗಿಸಿ ಜಗಳೂರಿಗೆ ಬಂದ ಮಾರನೇ ದಿನ ಇವರು ಕಾಫಿ ಕುಡಿಯುತ್ತ ಕೇಳಿದರು, "ಅವತ್ತು ನೀನು ನನ್ನ ನೋಡಿ ನಕ್ಕಿದ್ದಲ್ವಾ?" ನನ್ನನ್ನು ಒಪ್ಪಿದ್ದಕ್ಕೆ ಇವರು ಎಲ್ಲರಿಗೂ ಹೇಳುತ್ತ ಬಂದ ಕಾರಣ ಅದೊಂದೇ, ಅವಳು ನನ್ನ ಕಡೆ ನೋಡಿ ನಕ್ಕಳು ಅಂತ. "ಅಲ್ಲ" ಅಂದೆ. ಇವರು ಲೋಟವನ್ನು ತಾವೇ ತೊಳೆದಿಟ್ಟು ಆಫೀಸಿಗೆ ಹೋದರು. ಅವರಿಗೂ ಮೋಸವೇ ಮಾಡಿದಿರಿ ನೀವು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮ ಮೊಮ್ಮಗಳು ಚೈತ್ರಾ ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿದಳು. ಮುಂದೆ ಓದುತ್ತೇನೆ, ಈಗಲೇ ಯಾರನ್ನೂ ಕರೆಸಬೇಡಿ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ. ಎರಡು ವಾರದ ಹಿಂದೆ ಮಂಜು ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ, "ಅಕ್ಕ, ಗೋವಿನಕೋವಿ ಕಡೆ ಒಳ್ಳೆ ಮನೆತನ ಐತೆ. ಎರಡು ದಿನ ಮಲ್ಪೆಗೆ ಹೋಗಾಣ, ಅವ್ರೂ ಅಲ್ಲಿಗೆ ಬರ್ತಾರೆ. ಚೈತ್ರಾಗೆ ಏನೂ ಹೇಳಬ್ಯಾಡ. ಅಪ್ಪಾಜಿ ಮಾಡ್ದಂಗೇ ಮಾಡಾಣ." ಇವರಿಗೂ ಅದನ್ನೇ ಹೇಳಿದ, ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮಂಜು ಅತ್ತ ಹೋದದ್ದೇ ಚೈತ್ರಾಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮಲ್ಪೆಯದು ಮಾತ್ರ ಅಲ್ಲ, ಕಾರವಾರದ್ದೂ. ಅವಳು "ಹೋಗಾಣಮ್ಮ. ನಂಗೆ ಗೊತ್ತೈತೆ ಅಂತ ಯಾರಿಗೂ ಹೇಳಬ್ಯಾಡ" ಅಂದಳು.

ಹೋದೆವು. ಮಲ್ಪೆಯ ಮರಳಿನ ಮೇಲೆ ಗೋವಿನಕೋವಿಯವರು ಬಂದು ಕೂತಿದ್ದರು, ಏನೂ ಗೊತ್ತಿಲ್ಲದವರ ಹಾಗೆ. ಮಂಜು ಪ್ಯಾಂಟು ಮಡಿಸಿಕೊಂಡು ಚೈತ್ರಾಳ ಹಿಂದೆ ನೀರಿಗಿಳಿದ. ನಾನು ನೋಡುತ್ತಲೇ ಇದ್ದೆ. ಅಲೆ ಬಂತು, ಕೈ ಮೇಲೆತ್ತಿದ, "ಯಪ್ಪಾ!" ಅಂದ, ಬಿದ್ದ. ಏಳುವ ಮೊದಲು ದಂಡೆಯ ಕಡೆ ನೋಡಿದ, ನೀವು ನೋಡಿದ ಹಾಗೇ. ಚೈತ್ರಾ ನಗಲಿಲ್ಲ. ಕೈ ಹಿಡಿದು ಅವನನ್ನು ಎಬ್ಬಿಸಿ ನಿಲ್ಲಿಸಿ, ನೆಟ್ಟಗೆ ಅವರ ಹತ್ತಿರ ಹೋಗಿ ಕೈ ಮುಗಿದಳು. "ನಮಸ್ಕಾರ ರೀ. ನಾನು ಚೈತ್ರಾ. ನನ್ನ ನೋಡಾಕೆ ಬಂದೀರಂತೆ. ಇಲ್ಲೇ ಇದೀನಿ, ಏನು ಕೇಳೋದಿದ್ರೂ ನನ್ನೇ ಕೇಳ್ರಿ. ನಾನು ಇನ್ನೂ ಓದೋದೈತೆ, ಈಗ ಮದುವೆ ಆಗಲ್ಲ. ನಮ್ಮ ಮಾವ ಇನ್ನೊಂದು ಸಲ ಬೀಳೋದು ಬ್ಯಾಡ, ವಯಸ್ಸಾಗೈತೆ."

ಹುಡುಗನ ಮುಖ ನೋಡಬೇಕಿತ್ತು ನೀವು. "ಅವ್ವಾ, ಬರೀ ಟ್ರಿಪ್ಪು ಅಂದಿದ್ಯಲ್ಲ?" ಅಂದ. ಅವನಿಗೂ ಹೇಳಿರಲಿಲ್ಲ! ಆ ತಾಯಿ ಸೆರಗು ಸರಿ ಮಾಡಿಕೊಂಡು ಎದ್ದರು. ಮಂಜು ನನ್ನನ್ನು ಗುರಾಯಿಸಿದ. ಇವರು ಮಾತ್ರ ಮಗಳು ಮರಳಿನಲ್ಲಿ ಬಿಟ್ಟಿದ್ದ ಚಪ್ಪಲಿ ಎತ್ತಿಕೊಂಡು ಬಂದು ಅವಳ ಕಾಲ ಬಳಿ ಇಟ್ಟರು. ಅದಕ್ಕೆ ಏನರ್ಥ ಅಂತ ನಾನು ಕೇಳಲಿಲ್ಲ.

ಮುಂದಿನ ವರ್ಷವೂ ನಿಮ್ಮ ಪೂಜೆಗೆ ಬರುತ್ತೇನೆ. ನಿಮಗಿಷ್ಟದ ಹೋಳಿಗೆ ಮಾಡುತ್ತೇನೆ, ಅದರಲ್ಲಿ ಕಡಿಮೆ ಮಾಡುವುದಿಲ್ಲ. ಆದರೆ ಪಡಸಾಲೆಯಲ್ಲಿ ಯಾರಾದರೂ ಕಾರವಾರದ ಕಥೆ ತೆಗೆದರೆ, ಅದನ್ನು ಪೂರ್ತಿ ನಾನೇ ಹೇಳುತ್ತೇನೆ, ಮಲ್ಪೆಯ ತನಕ.

ಅವತ್ತು ಮಲ್ಪೆಯಲ್ಲಿ ದಂಡೆಯಿಂದ ಲಾಡ್ಜಿಗೆ ಬಂದಾಗ ಮಂಜುವಿನ ಮಂಡಿ ಊದಿತ್ತು. ಮಂಚದ ಮೇಲೆ ಕಾಲು ಚಾಚಿ, "ಅಕ್ಕ, ಒಂಚೂರು ಎಣ್ಣೆ ತಿಕ್ಕೇ. ಅಪ್ಪಾಜಿಗೆ ತಿಕ್ತಿದ್ಯಲ್ಲ, ಹಂಗೆ" ಅಂದ. ನನ್ನ ಬ್ಯಾಗಿನಲ್ಲಿ ಎಣ್ಣೆ ಬಾಟಲಿ ಇತ್ತು. ಅದನ್ನು ಅವನ ಕೈಗೆ ಕೊಟ್ಟು, ಚೈತ್ರಾಳ ಜೊತೆ ಸಮುದ್ರ ನೋಡಲು ಹೋದೆ.

ನಿಮ್ಮ
ಶಶಿ