ಪುಣೆಯ ದೀಪಗಳಲ್ಲಿ ಇಲ್ಲದಿದ್ದ ನವಿಲು

ಇಲಕಲ್ಲು,
ಮಾಘ ಬಹುಳ ಪಂಚಮಿ, ಸನ್ ೧೯೧೪

ಗೆಳೆಯ ಖಾದರಬಾಷಾನಿಗೆ ಇಲಕಲ್ಲಿನ ಅಂದಪ್ಪ ಬರೆಯುವ ಕಾಗದ.

ಇದನ್ನು ನಿನಗೆ ಓದಿ ಹೇಳುವವಳು ಅಲೀಮಾ ಎಂದು ನನಗೆ ಗೊತ್ತು. ಅವಳಿಗೆ ಅಕ್ಷರ ಕಲಿಸಿದವನು ನಾನೇ. ನನ್ನ ಮಗಳು ಸಂಗವ್ವನ ಜೊತೆ ಮಗ್ಗದ ಪಕ್ಕದಲ್ಲಿ ಕುಳಿತು, ಮರಳಿನ ಮೇಲೆ ಬೆರಳಾಡಿಸಿ ಕಲಿತ ಹುಡುಗಿ. ಅಲೀಮಾ, ಮುಂದೆ ನಿನ್ನ ಅಪ್ಪನಿಗೆ ನೋವಾಗುವ ಮಾತುಗಳು ಬರುತ್ತವೆ. ನನ್ನ ಮೇಲಿನ ಮರ್ಯಾದೆಗೆಂದು ಒಂದು ಸಾಲನ್ನೂ ಬಿಡಬೇಡ. ಅವನು ಸಾಕು ಎಂದರೆ ಮಾತ್ರ ನಿಲ್ಲಿಸು.

ಖಾದರ, ನಾವು ಮಾತು ಬಿಟ್ಟು ಎರಡು ವರ್ಷವಾಗುತ್ತ ಬಂತು. ಒಂದೇ ಗೋಡೆಯ ಆಚೆ ಈಚೆ ಮಗ್ಗ ಹಾಕಿಕೊಂಡು ಹದಿನೆಂಟು ವರ್ಷ ನೇಯ್ದವರು ನಾವು. ನಿನ್ನ ಲಾಳಿಯ ಸಪ್ಪಳ ನಿಂತರೆ ನನ್ನ ಕೈಯೂ ತಾನಾಗಿ ನಿಲ್ಲುತ್ತಿತ್ತು. ನೀನು ಊರು ಬಿಟ್ಟು ಹೋದ ಮೇಲೆ ಆ ಮನೆಗೆ ಒಬ್ಬ ಬಳೆಗಾರ ಬಂದಿದ್ದಾನೆ. ಒಳ್ಳೆಯವನು. ಆದರೆ ಅವನ ಕೆಲಸಕ್ಕೆ ಸಪ್ಪಳವಿಲ್ಲ.

ದಿಲ್ಲಿಯಲ್ಲಿ ಬಾದಶಹರ ದರ್ಬಾರು ನಡೆದ ಆ ವರ್ಷ ನಾವಿಬ್ಬರೂ ಪುಣೆಗೆ ಹೋದದ್ದರಿಂದ ಶುರು ಮಾಡುತ್ತೇನೆ. ಸಾವಕಾರ ತಿಮ್ಮಣ್ಣ ಸೀರೆಯ ಎರಡು ಗಂಟು ಕಟ್ಟಿ ಕೊಟ್ಟು, ಅಲ್ಲಿಯ ವ್ಯಾಪಾರಿಗೆ ಮುಟ್ಟಿಸಿ ಬನ್ನಿ ಎಂದ. ಬಾಗಲಕೋಟೆಯ ತನಕ ಚಕ್ಕಡಿ, ಅಲ್ಲಿಂದ ರೈಲು. ಹೊಟಗಿಯಲ್ಲಿ ಗಾಡಿ ಬದಲಿಸುವಾಗ ನೀನು ನನ್ನ ಹೆಗಲ ಮೇಲೆ ಕೈ ಇಟ್ಟೆ. "ಮಂದಿ ಭಾಳ ಐತಲೇ, ತಪ್ಪಿಸ್ಕೊಂಡೇನು" ಎಂದೆ. ನಾನು ನಕ್ಕೆ. ಅದು ಕತ್ತಲಾಗುವ ಹೊತ್ತು. ಆ ಕೈ ಯಾಕೆ ಬಂತು ಎಂದು ಆಗ ನಾನು ಯೋಚಿಸಲಿಲ್ಲ. ನೀನು ಮಗ್ಗವನ್ನು ಬಾಗಿಲ ಬೆಳಕಿಗೆ ಸರಿಸಿಕೊಂಡದ್ದು, ದೀಪ ಹಚ್ಚಿದ ಮೇಲೆ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟದ್ದು, ಇದಾವುದೂ ನನಗೆ ಹೊಳೆದಿರಲಿಲ್ಲ.

ಪುಣೆಯ ವ್ಯಾಪಾರಿಗೆ ಸೀರೆ ಮನಸ್ಸಿಗೆ ಬಂದವು. ನಿನ್ನ ಸೆರಗನ್ನು ಹಿಡಿದು ಮನೆಯ ಹೆಂಗಸರನ್ನೆಲ್ಲ ಕರೆದು ತೋರಿಸಿದ. ದರ್ಬಾರಿನ ಸಂಭ್ರಮಕ್ಕೆ ಆ ಸಂಜೆ ಊರ ಸೇತುವೆಗಳಿಗೆಲ್ಲ ದೀಪ ಹಚ್ಚುತ್ತಾರೆ, ನೋಡದೆ ಹೋಗಬೇಡಿ ಎಂದು ಹೇಳಿ ಟಾಂಗಾ ಕರೆಸಿದ. ನೀನು ಹೊಟ್ಟೆನೋವಿನ ನೆಪ ಹೇಳಿದೆ. ನಾನೇ ಕೈ ಹಿಡಿದು ಎಳೆದು ಕೂರಿಸಿದೆ. ಕನ್ನಡವೂ ಬರುತ್ತಿದ್ದ ಟಾಂಗಾವಾಲಾ ಮಲೀಕಸಾಬನ ಜೊತೆ ನೀನು ನಿಮ್ಮ ಮಾತಿನಲ್ಲಿ ಹರಟೆ ಹೊಡೆದೆ. ಅವನು ನಿನಗೆ ಮುಂದಿನ ಜಾಗ ಕೊಟ್ಟ, ನಾನು ಹಿಂದೆ ಕುಳಿತೆ.

ಆ ಸಂಜೆ ನನ್ನ ಕಣ್ಣಿಗೆ ಬಿದ್ದದ್ದನ್ನು ಜೊತೆಯಲ್ಲೇ ಇದ್ದ ನಿನಗೆ ನಾನು ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳು.

ಮೊದಲು ಲಕಡಿ ಪುಲ್. ಹೆಸರು ಕಟ್ಟಿಗೆಯದು, ಸೇತುವೆ ಕಲ್ಲಿನದು. ಎರಡೂ ಬದಿಯ ಗೋಡೆಯ ಮೇಲೆ ಗೇಣಿಗೊಂದರಂತೆ ಗಾಜಿನ ಲೋಟ. ಲೋಟದಲ್ಲಿ ಬಣ್ಣದ ನೀರು, ನೀರಿನ ಮೇಲೆ ಎಣ್ಣೆ, ಎಣ್ಣೆಯಲ್ಲಿ ಬತ್ತಿ. ಕೆಂಪು, ಹಸಿರು, ಮತ್ತೆ ಕೆಂಪು. ಕೆಳಗೆ ಮುಠಾ ನದಿ. ಅದು ನಮ್ಮ ಹೊಳೆಯಷ್ಟು ಅಗಲವಿಲ್ಲ, ನೀರೂ ಕಡಿಮೆ. ಆದರೆ ಮೇಲಿನ ಒಂದೊಂದು ದೀಪಕ್ಕೂ ಕೆಳಗೆ ಒಂದು ಉದ್ದನೆಯ ಎಳೆ ಬಿದ್ದು ಅಲುಗುತ್ತಿತ್ತು. ಹಾಸಿನ ನೂಲನ್ನು ಬಣ್ಣದಲ್ಲಿ ಅದ್ದಿ, ಹಿಂಡದೆ ಹಾಗೇ ತೂಗಹಾಕಿದರೆ ಹೇಗಿರುತ್ತದೆ, ಹಾಗೆ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಗೋಡೆಯ ಮೇಲೆ ಬಗ್ಗಿದ್ದರು. ಕೆಳಗೆ ಒಂದು ದೋಣಿಗೆ ಸುತ್ತಲೂ ದೀಪ ಕಟ್ಟಿ ಬಿಟ್ಟಿದ್ದರು. ಅದು ಕಮಾನಿನ ಕೆಳಗೆ ಹೋದಾಗ ಜನವೆಲ್ಲ ಈ ಬದಿಯಿಂದ ಆ ಬದಿಗೆ ಓಡಿತು. ನೀನೊಬ್ಬನೇ ಓಡಲಿಲ್ಲ. ನಗುಮುಖ ಮಾಡಿಕೊಂಡು, ದೀಪವೇ ಇಲ್ಲದ ದಂಡೆಯ ಕಡೆ ನೋಡುತ್ತ, "ಛಲೋ ಮಾಡ್ಯಾರ ಬಿಡಲೇ" ಎಂದೆ.

ನಿನಗೆ ಸರಿಯಾಗಿ ಕಾಣುತ್ತಿಲ್ಲ ಎಂಬ ಅನುಮಾನ ನನಗೆ ಬಂದದ್ದು ಆಗ. ಆದರೂ ನಂಬಿಕೆಯಾಗಲಿಲ್ಲ.

ಅಲ್ಲಿಂದ ಟಾಂಗಾ ಸಂಗಮದ ಸೇತುವೆಗೆ ಬಂತು. ಮುಠಾ ಬಂದು ಮುಳಾ ನದಿಗೆ ಕೂಡುವ ಜಾಗ. ದೀಪಗಳ ಸಾಲು ಅಲ್ಲಿ ಎರಡಾಗಿ ಒಡೆದು ಒಂದೊಂದು ನದಿಯ ಗುಂಟ ಹೋಗಿತ್ತು. ಸೇತುವೆಯ ನಟ್ಟನಡುವೆ ಬಿದಿರಿನ ಚೌಕಟ್ಟು ನಿಲ್ಲಿಸಿ, ಲೋಟಗಳನ್ನು ಕಟ್ಟಿ ಒಂದು ಕಿರೀಟ ಮಾಡಿದ್ದರು. ಕಿರೀಟ, ಖಾದರ, ಬೇರೇನೂ ಅಲ್ಲ. ಚಿಕ್ಕ ಮಕ್ಕಳಿಗೂ ಗೊತ್ತಾಗುವಂತಿತ್ತು.

ನಾನು ಹಿಂದಿನಿಂದ ಬಗ್ಗಿ ನಿನ್ನ ಕಿವಿಯ ಹತ್ತಿರ, "ನೋಡಲೇ, ಎಷ್ಟ್ ಚಂದ ನವಿಲ ಮಾಡ್ಯಾರ" ಎಂದೆ.

ನೀನು ತಲೆ ಎತ್ತಿದೆ. ಆಮೇಲೆ, "ಹೌದಲೇ. ಒಂದೊಂದ ಗರಿ ಎಣಸ್ಬಹುದು ನೋಡು" ಎಂದೆ.

ಮಲೀಕಸಾಬ ಹೊರಳಿ ನನ್ನ ಮುಖ ನೋಡಿದ. ನಾನು ಸುಮ್ಮನಿರುವಂತೆ ಸನ್ನೆ ಮಾಡಿದೆ.

ಆ ಕ್ಷಣದಲ್ಲೇ ನಿನ್ನ ಕೈ ಹಿಡಿದು, ಖಾದರ, ಯಾವಾಗಿನಿಂದ ಹೀಗೆ ಎಂದು ಕೇಳಬಹುದಾಗಿತ್ತು. ಪುಣೆಯಲ್ಲಿ ದೊಡ್ಡ ದವಾಖಾನೆಗಳಿದ್ದವು. ಇನ್ನೊಂದು ದಿನ ನಿಂತಿದ್ದರೆ ಯಾರಿಗಾದರೂ ತೋರಿಸಬಹುದಾಗಿತ್ತು. ನಾನು ಕೇಳಲಿಲ್ಲ. ನೀನೇ ಮುಚ್ಚಿಟ್ಟದ್ದನ್ನು ನಾನು ಯಾಕೆ ಬಿಚ್ಚಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಮರ್ಯಾದೆಯ ಮಾತಿನಂತೆ ಕೇಳಿಸಿತು. ಮರ್ಯಾದೆ ಅಲ್ಲ ಅದು, ಅಳುಕು.

ಕೊನೆಗೆ ಟಾಂಗಾ ಕೆಳಗಿನ ಸೇತುವೆಗೆ ಹೋಯಿತು, ಹತ್ತಿರದಲ್ಲೇ ನದಿಗೆ ಒಡ್ಡು ಕಟ್ಟಿದ್ದಾರಲ್ಲ, ಅಲ್ಲಿಗೆ. ಅಲ್ಲಿ ದೀಪ ಕಡಿಮೆ, ಜನವೂ ಕಡಿಮೆ. ನೀನೇ ಕೆಳಗಿಳಿದೆ. ಗೋಡೆಗೆ ಎರಡೂ ಕೈ ಊರಿ ನಿಂತು, "ನೀರ ಮ್ಯಾಲಿಂದ ಬೀಳಾಕತ್ತೈತಿ. ಎಡಕ್ಕ ಜೋರ ಐತಿ, ಬಲಕ್ಕ ತೆಳ್ಳಗೈತಿ. ನಮ್ಮ ಕೂಡಲಸಂಗಮದಾಗ ನೀರು ಗದ್ದಲ ಮಾಡಂಗಿಲ್ಲ, ಸುಮ್ನ ತಿರಗತೈತಿ. ಇಲ್ಲಿ ಬ್ಯಾರೆ" ಎಂದೆ. ಆ ಸಂಜೆಯೆಲ್ಲ ನೀನು ಆಡಿದ ಖರೆ ಮಾತು ಅದೊಂದೇ ಇರಬೇಕು. ನಿನ್ನ ಮುಖ ಅರಳಿತ್ತು. ನಾನು ನೀರಿನ ಕಡೆ ಕಿವಿ ಕೊಡಲಿಲ್ಲ. ನನ್ನ ತಲೆಯ ತುಂಬ ನವಿಲೇ ಇತ್ತು.

ಊರಿಗೆ ಬಂದ ಮೇಲೆ ಎರಡು ತಿಂಗಳು ನಾನು ಬಾಯಿ ಬಿಡಲಿಲ್ಲ. ನಿನ್ನ ಮನೆಯಾಕೆ ಬಿಬಿಜಾನ ತನ್ನ ತಂಗಿಯ ಹೆರಿಗೆಗೆಂದು ಅವಳ ಊರಿಗೆ ಹೋದದ್ದು ಆಗಲೇ. ಅದೇ ವಾರ ನೀನು ದೊಡ್ಡ ಮನೆಯವರ ಮದುವೆಯ ಸೀರೆ ಮುಗಿಸಿ ತಿಮ್ಮಣ್ಣನ ಅಂಗಡಿಗೆ ತಂದೆ. ನೇಕಾರರೆಲ್ಲ ಕೂಡಿದ್ದರು. ಸೀರೆ ಬಿಚ್ಚಿದರೆ ಸೆರಗಿನ ಕೆಂಪಿನ ನಡುವೆ ನಾಲ್ಕು ಬೆರಳಗಲ ಕರಿ ನೂಲು ಹೊಕ್ಕಿತ್ತು.

"ಖಾದರ, ಇದೇನಪಾ? ಮದುವಿ ಸೀರಿಗೆ ಕರೀದು?" ಎಂದ ತಿಮ್ಮಣ್ಣ.

"ನೂಲಿನ ಕಂಡಿಕಿ ಅದಲಿಬದಲಿ ಆಗ್ಯಾವ್ರಿ. ಬಿಚ್ಚಿ ನೇಯ್ದು ತರ್ತೇನ್ರಿ" ಎಂದೆ ನೀನು.

ತಿಮ್ಮಣ್ಣ ಆಯಿತು ಎನ್ನುವವನೇ ಇದ್ದ. ಸೀರೆಯನ್ನು ನಿನ್ನ ಕಡೆ ಸರಿಸಿಯೂ ಆಗಿತ್ತು. ಆಮೇಲೆ ಏನನ್ನಿಸಿತೋ, ನನ್ನ ಕಡೆ ತಿರುಗಿ, "ಅಂದಪ್ಪ, ನೀ ಬಾಜೂಕ ಇರಾಂವ. ಇವನ ಕಣ್ಣಿಗೆ ಏನರ ಆಗೇತೇನು?" ಎಂದ.

ಇಲ್ರಿ ಎನ್ನುವ ಒಂದು ಮಾತು ಸಾಕಾಗಿತ್ತು. ನಾನು ಪುಣೆಯ ಸಂಜೆಯ ಕಥೆ ಹೇಳಿದೆ. ಸಂಗಮದ ಸೇತುವೆ, ಕಿರೀಟ, ನಾನು ನವಿಲು ಎಂದದ್ದು, ನೀನು ಗರಿ ಎಣಿಸಬಹುದು ಎಂದದ್ದು. ನಿನ್ನ ದನಿಯಲ್ಲೇ ಹೇಳಿದೆ. ಎಲ್ಲರೂ ನಕ್ಕರು. ಅವರು ನಕ್ಕಾಗ ನಾನೂ ನಕ್ಕೆ.

ಯಾಕೆ ಹೇಳಿದೆ ಎಂದು ಈ ಎರಡು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಬಾಯಿ ಜಾರಿತು ಎಂದು ಬಹಳ ದಿನ ಅಂದುಕೊಂಡೆ. ಅದು ಸುಳ್ಳು. ಹದಿನೆಂಟು ವರ್ಷ ನಿನ್ನ ಸೀರೆ ನನ್ನ ಸೀರೆ ಒಟ್ಟಿಗೆ ಇಟ್ಟಾಗಲೆಲ್ಲ ನೋಡುವವರ ಕೈ ಮೊದಲು ನಿನ್ನದರ ಮೇಲೇ ಹೋಗುತ್ತಿತ್ತು. ನಾನೂ ಒಳ್ಳೆಯ ನೇಕಾರನೇ. ಆದರೆ ನೀನು ಪಕ್ಕದಲ್ಲಿದ್ದೆ. ಅದೇ ನನ್ನೊಳಗೆ ಇಷ್ಟಿಷ್ಟೇ ಹುಳಿಯುತ್ತಿತ್ತು. ಅಂದು ಹೊರಗೆ ಬಂತು.

ನಗು ನಿಂತ ಮೇಲೆ ನೀನು ಸೀರೆಯ ಅಂಚಿಗೆ ಅಂಚು ಕೂಡಿಸಿ, ಬೆರಳಿನಿಂದಲೇ ಮಡಿಕೆ ತಡವಿ ಮಡಚಿದೆ. ಆಮೇಲೆ ನಾನಿದ್ದ ಕಡೆ ಮುಖ ಮಾಡಿ, "ಆ ಸಂಜಿ ನವಿಲ ಇರಲಿಲ್ಲೇನಲೇ ಅಂದಪ್ಪ?" ಎಂದು ಕೇಳಿದೆ. ಅಷ್ಟೇ. ನೀನು ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದೆ. ಅದುವರೆಗೂ ಯಾರೆದುರೂ ಗೋಡೆ ಮುಟ್ಟದೆ ನಡೆದವನು ಅಂದು ಮುಚ್ಚಿಡುವುದನ್ನೂ ಬಿಟ್ಟೆ.

ಬಿಬಿಜಾನ ಊರಿನಿಂದ ಬಂದ ದಿನವೇ ನಮ್ಮ ಹೊಸ್ತಿಲಿಗೆ ಬಂದಳು, ಒಳಗೆ ಬರಲಿಲ್ಲ. ವರ್ಷದ ಮೇಲಿಂದ ದಿನಾ ಬೆಳಿಗ್ಗೆ ನೂಲು ಸುತ್ತಿದ ಕಂಡಿಕೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಟ್ಟು ಕೊಡುತ್ತಿದ್ದವಳು ಅವಳೇ ಎಂದು ನನಗೆ ತಿಳಿದದ್ದು ಆಗ. "ಅಣ್ಣಾ, ನಿಮಗ ಗೊತ್ತಿತ್ತಂದ್ರ ನನಗರ ಒಂದ್ ಮಾತ ಹೇಳಬೇಕಿತ್ರಿ. ನಾ ಊರಿಗೆ ಹೋಗ್ತಿರಲಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ನೀವು ಮಗ್ಗ ಬಿಚ್ಚಿ, ಅಲೀಮಾಳ ಗಂಡನ ಮನೆಯೆಂದು ಶಿರೂರಿಗೆ ಹೋದಿರಿ. ಮದುವೆಯ ಸೀರೆಯ ಕೆಲಸ ನನ್ನ ಮಗ್ಗಕ್ಕೆ ಬಂತು. ನೇಯ್ದು ಕೊಟ್ಟೆ. ಚಂದ ಬಂದಿದೆ ಎಂದು ಎಲ್ಲರೂ ಅಂದರು. ಅಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಕೇಳಿಸಿಕೊಂಡು ಮನೆಗೆ ಬಂದು, ಗೋಡೆಯ ಆಚೆ ಸಪ್ಪಳವಿಲ್ಲದ ಆ ಮಧ್ಯಾಹ್ನ ನನಗೆ ಮಗ್ಗದ ಮುಂದೆ ಕುಳಿತುಕೊಳ್ಳಲಿಕ್ಕೆ ಆಗಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅದಕ್ಕಾಗಿಯೇ ಈ ಕಾಗದ.

ಹೋದ ತಿಂಗಳು ನಾನು ಬಾಗಲಕೋಟೆಗೆ ಹೋಗುವಾಗ ಶಿರೂರಿನಲ್ಲಿ ಇಳಿದೆ. ಕೇಳಿಕೊಂಡು ನಿಮ್ಮ ಅಂಗಳಕ್ಕೆ ಬಂದೆ. ನೀನು ಬೇವಿನ ಮರದ ಕೆಳಗೆ ಕುಳಿತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದೆ. ಗಡ್ಡ ಬೆಳ್ಳಗಾಗಿದೆ. ಬೆರಳು ಮಾತ್ರ ಹಾಗೇ ಇವೆ. ಎಳೆಗೆ ಎಳೆ ಕೂಡುವಲ್ಲಿ ಗಂಟೇ ಕಾಣುವುದಿಲ್ಲ. ಅಲೀಮಾ ಹೊರಗೆ ಬಂದು ನನ್ನನ್ನು ಗುರುತಿಸಿದಳು. ಬಾಯಿ ತೆರೆಯುವಷ್ಟರಲ್ಲಿ ನಾನು ಬೇಡ ಎಂದು ಕೈ ಆಡಿಸಿದೆ. ಅವಳು ನೀರು ತಂದು ಕೊಟ್ಟಳು. ಕುಡಿದೆ.

"ಯಾರವ್ವಾ?" ಎಂದು ನೀನು ಕೇಳಿದೆ.

ಅವಳು ನನ್ನ ಮುಖ ನೋಡಿ, "ಹಾದಿ ಹಿಡದ ಹೊಂಟವರಪಾ" ಎಂದಳು.

"ಬಿಸಲಾಗ ಬಂದಾರ, ರೊಟ್ಟಿ ತಿಂದ ಹೋಗ್ರಿ ಅನ್ನವ್ವಾ" ಎಂದೆ ನೀನು.

ನಾನು ಚೊಂಬು ಕೆಳಗಿಟ್ಟು ಬಂದುಬಿಟ್ಟೆ. ತಿರುಗಿ ನೋಡಿದಾಗ ನಿನ್ನ ಕೈ ನಿಂತಿತ್ತು. ನನ್ನ ಹೆಜ್ಜೆ ಹೋದ ಕಡೆಗೇ ನಿನ್ನ ಮುಖ ಇತ್ತು. ನಿನಗೆ ಗೊತ್ತಾಯಿತೋ ಇಲ್ಲವೋ, ನಾನರಿಯೆ.

ಬಾಗಲಕೋಟೆಯ ಹಾದಿಯುದ್ದಕ್ಕೂ ನನಗೆ ಒಂದೇ ಮಾತು ಕೊರೆಯಿತು. ಪುಣೆಯಲ್ಲಿ ಮಾಡಿದ್ದನ್ನೇ ಅಂಗಳದಲ್ಲೂ ಮಾಡಿದೆ. ನಿನಗೆ ಕಾಣುವುದಿಲ್ಲ ಎಂಬುದನ್ನು ಮತ್ತೆ ನನ್ನ ಅನುಕೂಲಕ್ಕೆ ಬಳಸಿಕೊಂಡೆ. ಈ ಸಲ ನಿನ್ನ ಮಗಳ ಬಾಯಿಂದಲೂ ಸುಳ್ಳು ಆಡಿಸಿದೆ. ಅಲೀಮಾ, ಅದು ನಿನ್ನ ತಪ್ಪಲ್ಲ, ನನ್ನದು. ನಿನ್ನ ಅಪ್ಪನಿಗೆ ಈಗಲೇ ಹೇಳಿಬಿಡು.

ಖಾದರ, ಮಗ್ಗದ ಕೆಲಸಕ್ಕೆ ಬಾ ಎಂದು ಕರೆಯಲು ನಾನು ಬರೆಯುತ್ತಿಲ್ಲ. ತಪ್ಪಾಯಿತು ಎಂದು ಒಂದು ಸಾಲಿನಲ್ಲಿ ಬರೆದು, ನೀನು ಹೋಗಲಿ ಬಿಡು ಎನ್ನಲಿ ಎಂದು ಕಾಯುವವನೂ ಅಲ್ಲ. ಕಾಗದದಲ್ಲಿ ಹೇಳಿದರೆ ಮತ್ತೆ ಮುಖ ಮರೆಸಿಕೊಂಡಂತೆಯೇ. ಮುಂದಿನ ಸೋಮವಾರ ಶಿರೂರಿಗೆ ಬರುತ್ತೇನೆ. ನಿನಗೆ ಮನಸ್ಸಿಲ್ಲದಿದ್ದರೆ ಬಾಗಿಲು ಹಾಕಿಕೊಳ್ಳಲು ಅಲೀಮಾಗೆ ಹೇಳು. ನಾನು ಕದ ಬಡಿಯುವುದಿಲ್ಲ, ನೆರೆಯವರ ಕೈಯಲ್ಲಿ ಹೇಳಿಸುವುದೂ ಇಲ್ಲ, ಹಿಂದಿರುಗುತ್ತೇನೆ.

ಬಿಬಿಜಾನಳಿಗೆ ನನ್ನ ಶರಣು. ಅಲೀಮಾಳಿಗೂ ಅವಳ ಮಕ್ಕಳಿಗೂ ಆಯುಷ್ಯ ಹೆಚ್ಚಲಿ. ನಮ್ಮ ಸಂಗಮನಾಥನೂ ನಿಮ್ಮ ಅಲ್ಲಾನೂ ನಿನ್ನ ಬೆರಳುಗಳನ್ನು ಹೀಗೇ ಕಾಯಲಿ.

ಬಾಗಿಲು ತೆರೆದಿದ್ದರೆ, ಅಂಗಳದ ಆಚೆಯೇ ನಿಂತು ಮೊದಲು ನನ್ನ ಹೆಸರು ಹೇಳುತ್ತೇನೆ. ನೀನು ಬಾ ಅಂದ ಮೇಲೆ ಒಳಗೆ ಬರುತ್ತೇನೆ.

ನಿನ್ನ ಗೋಡೆಯ ಈಚೆಯವನು,
ಅಂದಪ್ಪ