ಈ ಸಲ ಕಡ್ಡಿಯ ಸರದಿ

ಮಾರ್ಚ್ 3, ಬೆಳಗ್ಗೆ

ಟೀ ಆರಿಹೋಯಿತು. ಫೋನ್ ಹಿಡಿದು ನಮ್ಮ ಕಥೆಯ ಸೈಟಿನಲ್ಲಿ ಓದುಗರ ಕಮೆಂಟ್ ನೋಡುತ್ತ ಕೂತಿದ್ದೆ. ಎಲ್ಲರದ್ದೂ ಅದೇ ರಾಗ.

ನಿದ್ದೆಗೇಡಿ: "ಮುಂದಿನ ಅಧ್ಯಾಯ ಯಾವಾಗ ಅಕ್ಕಂದಿರಾ? ಕಾದು ಕಾದು ಸಾಕಾಯ್ತು."

ಚಂದ್ರಬೆಕ್ಕು: "ದೇವಿ ಎಲ್ಲಿಗೆ ಹೋದ್ಲು? ನಮ್ಮ ಹುಡುಗ ದಡದಲ್ಲೇ ಕೂತಿದಾನೆ. ನೆಗಡಿ ಆಗುತ್ತೆ ಪಾಪ."

ಅವರ ಹುಡುಗ ಎಂದರೆ ನನ್ನ ಎಲ್ಫ್, ಚೂಪುಕಿವಿಯ ಕಾಡುಜನದವನು, ದೋಣಿ ನಡೆಸುವವನು. ಬೇರೊಬ್ಬರು ಬರೆದ ಮೂಲ ಸರಣಿಯ ಅಷ್ಟು ದಪ್ಪ ದಪ್ಪ ಪುಸ್ತಕಗಳಲ್ಲಿ ಅವನ ಪಾಲಿಗೆ ಬಂದಿದ್ದು ಅರ್ಧ ಪುಟ. ನದಿದೇವಿಯನ್ನು ದೋಣಿಯಲ್ಲಿ ಕೂರಿಸಿ ಒಮ್ಮೆ ದಾಟಿಸುತ್ತಾನೆ, ಅಷ್ಟೇ. "ನದಿಗೇ ದೋಣಿ ಯಾಕೆ ಬೇಕಿತ್ತು? ಬೇಕಂತಲೇ ಹತ್ತಿದಾಳೆ ಕಣೇ ಇವಳು" ಅಂತ ನನ್ನ ಗೆಳತಿ ಕಡ್ಡಿ ನಕ್ಕಿದ್ದಳು. ಆ ನಗೆಯಿಂದಲೇ ನಮ್ಮ ಕಥೆ ಶುರು. ಆರು ವರ್ಷ ಎಳೆದೆವು. ಎಲ್ಫ್‌ನ ಅಧ್ಯಾಯ ನನ್ನದು, ದೇವಿಯ ಅಧ್ಯಾಯ ಕಡ್ಡಿಯದು. ಒಂದು ಬಿಟ್ಟು ಒಂದು.

ಈಗ ಕಡ್ಡಿಯ ಸರದಿ. ಅಕ್ಟೋಬರ್‌ನಿಂದಲೂ ಅವಳದೇ ಸರದಿ.

ಮಾರ್ಚ್ 4

ಕಟ್ಟುಹಲ್ಲಿನ ಲ್ಯಾಬಿನಲ್ಲಿ ರಾಶಿ ಕೆಲಸ. ಕೆಳದವಡೆಯ ಸೆಟ್ ಒಂದನ್ನು ಉಜ್ಜುತ್ತ ಎಲ್ಲೋ ಕಳೆದುಹೋಗಿದ್ದೆ. ಬಾಸ್ ಬಂದು ನಿಂತಿದ್ದೂ ಗೊತ್ತಾಗಲಿಲ್ಲ.

"ಇನ್ನೂ ಉಜ್ಜಿದ್ರೆ ಅದು ಹಲ್ಲಲ್ಲಮ್ಮ, ಅಕ್ಕಿಕಾಳು. ಅಜ್ಜ ಏನನ್ನ ಅಗೀಬೇಕು?"

ಊಟದ ಬಿಡುವಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟೆ. ನಿದ್ದೆ ಬರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕಡ್ಡಿ ಇದ್ದಾಗ ತನ್ನ ಏಪ್ರನ್ ಮಡಚಿ ನನ್ನ ತಲೆಯಡಿ ತುರುಕುತ್ತಿದ್ದಳು. "ಮಲಗೇ ಡುಮ್ಮಿ, ಬಾಸ್ ಬಂದ್ರೆ ಕೆಮ್ತೀನಿ." ಮದುವೆಯಾಗಿ ಬೇರೆ ಊರಿಗೆ ಹೋದಳು. ಮೊದಮೊದಲು ದಿನಾ ಫೋನ್. ಆಮೇಲೆ ವಾರಕ್ಕೊಮ್ಮೆ. ಕೊನೆಯ ಮೆಸೇಜ್ ನವೆಂಬರ್‌ನದು: "ಬರೀತೀನಿ ಕಣೇ, ಸ್ವಲ್ಪ ಬಿಡುವಾಗ್ಲಿ." ಅಲ್ಲಿಂದ ಈಚೆಗೆ ನಾನು ಕಳಿಸುತ್ತೇನೆ, ಅವಳು ನೋಡುತ್ತಾಳೆ.

ಜಗಳವಾದರೂ ಆಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಏನೂ ಆಗಿಲ್ಲ. ಅದೇ ಸಂಕಟ.

ಮಾರ್ಚ್ 11

ಮಾಡಬಾರದ್ದು ಮಾಡಿದೆ. ದೇವಿಯ ಅಧ್ಯಾಯ ನಾನೇ ಬರೆದು ಹಾಕಿದೆ. ಮಧ್ಯಾಹ್ನದೊಳಗೆ ಮಾನ ಹರಾಜು.

ಚಂದ್ರಬೆಕ್ಕು: "ದೇವಿಗೆ ಏನಾಯ್ತು? ಮಾತುಮಾತಿಗೂ ತಪ್ಪಾಯ್ತು ತಪ್ಪಾಯ್ತು ಅಂತಿದಾಳೆ. ನಮ್ಮ ದೇವಿ ಯಾರಿಗೂ ಸಾರಿ ಹೇಳೋಳಲ್ಲ."

ನಿದ್ದೆಗೇಡಿ: "ಇದು ಕಡ್ಡಿ ಅಕ್ಕ ಬರೆದಿದ್ದಲ್ಲ. ಬೇರೆಯವರ ಚಪ್ಪಲಿ ಹಾಕ್ಕೊಂಡು ನಡೆದಂಗಿದೆ."

ಕಳ್ಳಿ ಸಿಕ್ಕಿಬಿದ್ದಳು. ನನಗೆ ಯಾರ ಬಾಯಿಂದ ಏನು ಕೇಳಬೇಕಿತ್ತೋ ಅದನ್ನೇ ದೇವಿಯ ಬಾಯಿಗೆ ಹಾಕಿದ್ದೆ. ಅಳಿಸಿದೆ.

ಮಾರ್ಚ್ 19

ಬಸ್ಸಿನಲ್ಲಿ ಹೊಳೆಯಿತು. ಎಷ್ಟು ಸುಲಭ! ನನ್ನ ಎಲ್ಫ್‌ನನ್ನು ಮುಳುಗಿಸಬೇಕು.

ನಮ್ಮದೊಂದು ನಿಯಮವಿದೆ. ಕೊಲ್ಲುವುದಿದ್ದರೆ ನನ್ನವನನ್ನು ನಾನೇ ಕೊಲ್ಲಬೇಕು, ಅವಳ ದೇವಿಯನ್ನು ಅವಳೇ. ಮತ್ತೆ, ನೀರಿನಲ್ಲಿ ಸತ್ತವರಲ್ಲಿ ಯಾರಾದರೂ ಒಬ್ಬರನ್ನು ನದಿದೇವಿ ಬದುಕಿಸಬಹುದು. ಒಂದೇ ಸಲ. ಇದು ಮೂಲ ಪುಸ್ತಕದಲ್ಲೇ ಇದೆ. ಕಡ್ಡಿ ಆ ವರವನ್ನು ಆರು ವರ್ಷದಿಂದ ಮುಟ್ಟಿಲ್ಲ. "ಸುಮ್ನೆ ಖರ್ಚು ಮಾಡಲ್ಲ ಕಣೇ. ನಿನ್ನ ಪೆದ್ದ ಒಂದಿನ ಮುಳುಗೇ ಮುಳುಗ್ತಾನೆ. ಅವನಿಗೇ ಇಟ್ಟಿದೀನಿ." ಅವಳೇ ಹೇಳಿದ್ದು, ಲ್ಯಾಬಿನ ಮೇಣದ ವಾಸನೆ ಹತ್ತಿದ ಬಿಸ್ಕತ್ತನ್ನು ಬಾಯಿತುಂಬ ಇಟ್ಟುಕೊಂಡು.

ಅವನು ಸತ್ತರೆ ಅವಳು ಬರಲೇಬೇಕು.

ಮಾರ್ಚ್ 22, ಭಾನುವಾರ

ಬರೆದು ಹಾಕಿದೆ. ನಡುಹೊಳೆಯಲ್ಲಿ ಹುಟ್ಟು ಕೈಬಿಟ್ಟು, ಎದ್ದು ನಿಂತು, ದೇವಿಯ ಹೆಸರು ಕೂಗುತ್ತಾನೆ. ದೋಣಿ ಮಗುಚುತ್ತದೆ. ಅಡುಗೆಮನೆಯಲ್ಲಿ ಗೋಳೋ ಎಂದು ಅತ್ತೆ. ಅಮ್ಮ ಓಡಿ ಬಂದಳು.

"ಏನಾಯ್ತೇ?"

"ಒಬ್ರು ಹೋಗ್ಬಿಟ್ರಮ್ಮ."

"ಅಯ್ಯೋ! ಯಾರು? ನಮ್ಮ ಕಡೆಯವ್ರಾ?"

"ಅಲ್ಲ. ಎಲ್ಫ್."

"ಅದ್ಯಾವ ಪೈಕಿನೋ ನಾನು ಕೇಳಿಲ್ಲ. ಏನಾಗಿತ್ತು?"

"ಹೊಳೇಲಿ ಮುಳುಗಿದ. ದೋಣಿ ನಡೆಸ್ತಿದ್ದ."

ಅಮ್ಮ ಒಲೆ ಸಣ್ಣ ಮಾಡಿದಳು. "ದೋಣಿಯೋನಿಗೆ ಈಜು ಬರಲ್ವಾ? ಬೇಕಂತಲೇ ಬಿದ್ದಿರ್ತಾನೆ ಬಿಡು."

ಅಮ್ಮನಿಗೆ ಏನೂ ಗೊತ್ತಿಲ್ಲ. ಎಲ್ಲ ಗೊತ್ತು.

ಮಾರ್ಚ್ 23

ಓದುಗರು ಹಿಡಿಶಾಪ ಹಾಕುತ್ತಿದ್ದಾರೆ. "ಡುಮ್ಮಿ ಅಕ್ಕಾ ನಿಮಗೆ ಹೃದಯ ಇಲ್ವಾ?" "ಆಫೀಸಲ್ಲಿ ಅಳ್ತಾ ಕೂತಿದೀನಿ, ಮ್ಯಾನೇಜರ್ ರಜ ಕೊಟ್ಟು ಕಳಿಸಿದ್ರು." ಚಂದ್ರಬೆಕ್ಕು ಬರೆದಿದ್ದೇ ನನಗೆ ಬೇಕಾಗಿದ್ದು: "ಯಾರೂ ಅಳಬೇಡಿ. ದೇವಿ ಹತ್ರ ವರ ಇದೆ! ಕಡ್ಡಿ ಅಕ್ಕಾ, ಬೇಗ ಬನ್ನಿ!"

ಅದರ ಕೆಳಗೆ ಎಲ್ಲರೂ ಸಾಲಾಗಿ— ಕಡ್ಡಿ ಅಕ್ಕಾ ಬನ್ನಿ. ಕಡ್ಡಿ ಅಕ್ಕಾ ಬನ್ನಿ.

ನಾನೊಬ್ಬಳೇ ಕರೆದರೆ ಬರಲಿಲ್ಲ. ಈಗ ಊರೇ ಕರೆಯುತ್ತಿದೆ.

ಏಪ್ರಿಲ್ 2

ಬಂದಿಲ್ಲ.

ಬಾಸ್ ಇವತ್ತು ಮೇಲ್ದವಡೆಯ ಅಚ್ಚು ಕೊಡುತ್ತ ಮಾತಿನ ನಡುವೆ ಹೇಳಿದರು: "ನಿನ್ನ ಗೆಳತಿ ಮಗೂಗೆ ಮೂರು ತಿಂಗಳಾಯ್ತಂತೆ. ಹೆಣ್ಣು ಮಗು. ಫೋಟೋ ಕಳ್ಸಿರ್ತಾಳಲ್ಲ ನಿಂಗೆ?"

"ಹ್ಞೂ ಸಾರ್. ಮುದ್ದಾಗಿದೆ."

ಯಾವ ಫೋಟೋ? ಯಾವ ಮಗು? ಬಾಸ್‌ಗೆ ಗೊತ್ತು. ಬಾಸ್‌ನ ಹೆಂಡತಿಗೆ ಗೊತ್ತು. ಅವಳು ಬಸುರಿಯಾಗಿದ್ದಾಗ ನಾನು "ದೇವಿ ಎಲ್ಲಿ, ಅಧ್ಯಾಯ ಎಲ್ಲಿ" ಅಂತ ಪೀಡಿಸುತ್ತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ನನಗೇಕೆ ಹೇಳಲಿಲ್ಲ ಕಡ್ಡಿ? ನಾನೇನು ಬೇಡ ಅನ್ನುತ್ತಿದ್ದೆನಾ?

ಏಪ್ರಿಲ್ 14, ಮಧ್ಯಾಹ್ನ

ಬಂತು! ಬಂತು ಬಂತು. ಹೊಸ ಅಧ್ಯಾಯ. ಕಡ್ಡಿಯದೇ, ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅಚ್ಚಿನ ಪ್ಲಾಸ್ಟರ್ ಮೆತ್ತಿದ ಕೈ, ಫೋನ್ ಮೇಲೆಲ್ಲ ಬಿಳಿ ಗುರುತು. ಇಲ್ಲಿ ಓದುವುದಿಲ್ಲ. ಮನೆಗೆ ಹೋಗಿ, ಕೈಕಾಲು ತೊಳೆದು, ನೆಮ್ಮದಿಯಾಗಿ ಕೂತು—

ಏಪ್ರಿಲ್ 14, ಸಂಜೆ

ದೇವಿ ಅವನನ್ನು ಹುಡುಕಿ ಜೊಂಡಿನ ನಡುವಿಂದ ಎತ್ತುತ್ತಾಳೆ. ಕೂದಲಿಗೆ ಮೆತ್ತಿದ ಕೆಸರು ತೊಳೆಯುತ್ತಾಳೆ. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಒಂದು ಪುಟ್ಟ ಹುಡುಗಿ ಕಾಲುಜಾರಿ ನೀರಿಗೆ ಬಿದ್ದು ಪ್ರಾಣ ಬಿಟ್ಟಿರುತ್ತಾಳೆ. ಯಾರ ಮಗುವೋ. ಇಬ್ಬರೂ ದೇವಿಯ ಮುಂದೆ. ವರ ಒಂದೇ.

ದೇವಿ ಅವನ ಕಿವಿಯಲ್ಲಿ ಹೇಳುತ್ತಾಳೆ: "ನಿನ್ನನ್ನು ಎಬ್ಬಿಸಿದರೆ ನೀನು ಮತ್ತೆ ಇದೇ ದಡದಲ್ಲಿ ಕೂತು ನನ್ನ ದಾರಿ ಕಾಯುತ್ತೀಯ. ನಾನು ಬರಲಾರೆ. ಬರುತ್ತೇನೆ ಅಂತ ಸುಳ್ಳು ಹೇಳಲೂ ಆಗುತ್ತಿಲ್ಲ."

ಮಗು ಕೆಮ್ಮಿ ಅಳುತ್ತದೆ.

ಆಮೇಲೆ ದೇವಿ ದಡದಲ್ಲಿ ಗುಂಡಿ ತೋಡುತ್ತಾಳೆ, ತನ್ನ ಕೈಯಿಂದಲೇ. ಅವನನ್ನು ಮಲಗಿಸುತ್ತಾಳೆ. ಮಣ್ಣು ಮುಚ್ಚುವ ಮುಂಚೆ ಹೆಗಲ ಮೇಲಿನ ಬಟ್ಟೆ ಮಡಚಿ ಅವನ ತಲೆಯಡಿ ಇಡುತ್ತಾಳೆ. ಬರಿನೆಲಕ್ಕೆ ತಲೆಯಿಟ್ಟರೆ ಅವನಿಗೆ ನಿದ್ದೆ ಬರುವುದಿಲ್ಲ.

ಕೆಳಗೆ ಒಂದೇ ಪದ. ಮುಕ್ತಾಯ.

ಮರೆತಿಲ್ಲ ಅವಳು. ಏನನ್ನೂ ಮರೆತಿಲ್ಲ. ಮರೆತಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ.

ಏಪ್ರಿಲ್ 21

ಒಂದು ವಾರ ಸೈಟ್ ತೆರೆಯಲಿಲ್ಲ. ಬೆಳಗ್ಗೆ ಅಮ್ಮ ತಟ್ಟೆ ತೊಳೆಯುತ್ತ ಕೇಳಿದಳು, "ಆ ದೋಣಿಯೋನ ಮನೇಲಿ ಈಗ ಹೇಗಿದಾರೆ?"

"ಮನೇಲಿ ಯಾರಿದಾರಮ್ಮ. ಒಬ್ಬಳೇ ಇದಾಳೆ."

"ಊಟ ಮಾಡ್ತಿದಾಳಾ?"

"ಮಾಡ್ತಿದಾಳೆ."

"ಸರಿ ಹಾಗಾದ್ರೆ" ಅಂದಳು. ಒದ್ದೆ ಕೈಯಲ್ಲೇ ನನ್ನ ತಲೆ ಸವರಿ ಒಳಗೆ ಹೋದಳು.

ಲ್ಯಾಬಿನಲ್ಲಿ ಕಡ್ಡಿಯ ಕುರ್ಚಿಗೆ ಹೊಸಬಳೊಬ್ಬಳು ಬಂದಿದ್ದಾಳೆ. ಒಳ್ಳೆಯವಳೇ. ಬಿಡುವಿನಲ್ಲಿ ಫೋನ್ ತೆಗೆದೆ. ಕಮೆಂಟ್‌ಗಳ ಸುರಿಮಳೆ. ಬೈದವರೆಲ್ಲ ಹೊಗಳುತ್ತಿದ್ದಾರೆ. "ಇಂಥ ಅಂತ್ಯ ಎಲ್ಲೂ ಓದಿಲ್ಲ." "ಆ ಬಟ್ಟೆ ಮಡಚಿ ಇಡೋ ಜಾಗದಲ್ಲಿ ಸತ್ತೇಹೋದೆ." ನಿದ್ದೆಗೇಡಿ ಮೂರು ಸಲ ಓದಿ ಹೊಟ್ಟೆತುಂಬ ಅತ್ತು ಚೆನ್ನಾಗಿ ನಿದ್ದೆ ಮಾಡಿದಳಂತೆ.

ಕೊನೆಯದು ಚಂದ್ರಬೆಕ್ಕಿನದು: "ಕಡ್ಡಿ ಅಕ್ಕಾ, ಡುಮ್ಮಿ ಅಕ್ಕಾ, ಮೊದಲಿಂದಲೂ ಹೀಗೇ ಮುಗಿಸಬೇಕು ಅಂತ ಇಬ್ರೂ ಕೂತು ಮಾತಾಡ್ಕೊಂಡಿದ್ರಾ? ಹೇಳಿ ಪ್ಲೀಸ್."

ಪಾಪ, ಆರು ವರ್ಷದಿಂದ ಓದಿದ್ದಾಳೆ. ಉತ್ತರ ಕೊಡಬೇಕು. ಅವಳು ಕೊಡುವುದಿಲ್ಲ, ನಾನೇ ಕೊಡಬೇಕು. ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ. "ಥ್ಯಾಂಕ್ಸ್ ಕಣೇ. ಹೌದು, ನಾವಿಬ್ರೂ ಕೂತು—"