ಜಾಗ, ಜನ, ಬಾಕ್ಸ್

ಫೆಬ್ರವರಿ 10, 2024, ಶನಿವಾರ

ಬೆಳ್ಳಾವಿ. ಶಾಲಾ ವಾರ್ಷಿಕೋತ್ಸವ. ಜಾಗ — ಬಯಲು. ಜನ — ಆರುನೂರು. ಬಾಕ್ಸ್ — ಹದಿನೈದಿಂಚಿನ ಸ್ಪೀಕರ್ ನಾಲ್ಕು, ಬೇಸ್ ಎರಡು. ಸರಿಹೋಯಿತು. ಬಯಲಿನಲ್ಲಿ ಸದ್ದು ಗಾಳಿಪಾಲು, ಎಷ್ಟು ಕೊಟ್ಟರೂ ಸಾಲದು. ಒಳಗಾದರೆ ಗೋಡೆಯೇ ಅರ್ಧ ಕೆಲಸ ಮಾಡುತ್ತದೆ, ಸಣ್ಣದು ಸಾಕು. ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಇದನ್ನೇ ಹೇಳುತ್ತಿದ್ದೇನೆ. ಕೇಳುವವರು ಯಾರು? ದೊಡ್ಡ ಬಾಕ್ಸ್ ಇಟ್ಟರೇ ಮರ್ಯಾದೆ ಅನ್ನುವವರೇ ಎಲ್ಲ.

ನಾಳೆ ಕುಣಿಗಲ್. ತಂಗಿ ಅಕ್ಷತಾಳ ಮಗುವಿಗೆ ನಾಮಕರಣ, ಮೂರು ತಿಂಗಳು ತುಂಬಿತು. ಗಾಡಿ ಅನ್‌ಲೋಡ್ ಮಾಡಲಿಲ್ಲ. ಶಿರಾ ಗೇಟ್‌ನ ನನ್ನ ಸೌಂಡ್ಸ್ ಅಂಗಡಿ ಮುಂದೆಯೇ ನಿಲ್ಲಿಸಿದ್ದೇನೆ.

ಫೆಬ್ರವರಿ 11, ಭಾನುವಾರ

ಕುಣಿಗಲ್. ಜಾಗ — ಅಕ್ಷತಾಳ ಗಂಡ ರವೀಶನ ಮನೆ ಮಹಡಿ, ಶೀಟ್ ಛಾವಣಿ, ಇಪ್ಪತ್ತಕ್ಕೆ ಮೂವತ್ತಡಿ. ಜನ — ಎಂಬತ್ತು. ಎಂಟಿಂಚಿನವು ಎರಡು ಧಾರಾಳ. ಇಟ್ಟದ್ದು ಹದಿನೈದಿಂಚಿನವು ಎರಡು, ಬೇಸ್ ಒಂದು. ಗಿರಾಕಿಗಳಿಗೆ ಬೈಯುವವನು ನಾನೇ! ಆದರೆ ಸೋದರಮಾವ ಸಣ್ಣ ಬಾಕ್ಸ್ ತಂದ ಅಂತ ಅನ್ನಿಸಿಕೊಳ್ಳಬೇಕೇ?

ರವೀಶನ ಅಕ್ಕ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವಾಗ ಮೈಕ್ ಹಿಡಿದೆ. ಎಲ್ಲರಿಗೂ ಕೇಳಲಿ ಅಂತ. ಬಾಕ್ಸ್ ನಾಲ್ಕೇ ಅಡಿ ದೂರ. ಫೀಡ್‌ಬ್ಯಾಕ್ ಹೊಡೆಯಿತು — ಕೀ… ಅಂತ ಒಂದೇ ಸಮ. ಮಹಡಿಯೆಲ್ಲ ಕಿವಿ ಮುಚ್ಚಿಕೊಂಡಿತು. ಮಗು ಧನ್ವಿತಾ ಮಾತ್ರ ಗಾಢ ನಿದ್ದೆ. ರೆಪ್ಪೆ ಕೂಡ ಅಲುಗಲಿಲ್ಲ.

ಅಮ್ಮ ನಕ್ಕುಬಿಟ್ಟಳು. "ಮಾವನ ಬಾಕ್ಸು ಹೊಟ್ಟೇಲಿದ್ದಾಗ್ಲೇ ಅಭ್ಯಾಸ ಆಗ್ಬುಟ್ಟೈತೆ ಕಣ್ಲಾ ಇವ್ಳಿಗೆ!" ಎಲ್ಲರೂ ನಕ್ಕರು. ನನಗೂ ಹೆಮ್ಮೆ.

ಏಪ್ರಿಲ್ 21, ಭಾನುವಾರ

ಗುಬ್ಬಿ. ತೀರಿಕೊಂಡ ಮೇಷ್ಟ್ರೊಬ್ಬರಿಗೆ ನುಡಿನಮನ. ಜಾಗ — ಸಮುದಾಯ ಭವನ. ಜನ — ನೂರೈವತ್ತು. ಬಾಕ್ಸ್ — ಹತ್ತಿಂಚಿನವು ಎರಡು. ಬೇಸ್ ಒಯ್ಯಲಿಲ್ಲ, ಅಳುವವರ ಮಧ್ಯೆ ಬೇಸ್ ಯಾಕೆ?

ಮೈಕ್ ತಟ್ಟಿ ನೋಡಿದೆ. ಮುಂದಿನ ಸಾಲಿನಲ್ಲಿ ಯಾರದೋ ಹಸುಗೂಸು ಬೆಚ್ಚಿಬಿದ್ದು ಅತ್ತಿತು. ತಾಯಿ ನನ್ನನ್ನು ದುರುಗುಟ್ಟಿ ನೋಡಿದಳು. ನಮ್ಮ ಧನ್ವಿತಾಳ ಗಟ್ಟಿತನ ನೆನಪಾಯಿತು. ಬರುವಾಗ ಅಮ್ಮನ ಮನೆಗೆ ಹೋಗಿ ಉಂಡು ಬಂದೆ.

ಆಗಸ್ಟ್ 18, ಭಾನುವಾರ

ಅಕ್ಷತಾ ಗುಬ್ಬಿಗೆ, ಅಮ್ಮನ ಮನೆಗೆ ಬಂದಿದ್ದಾಳೆ. ಹಿತ್ತಲಿಗೆ ಕರೆದಳು.

"ಪ್ರಕಾಶಣ್ಣ, ಧನ್ವಿತಾನ ಕರೆದ್ರೆ ತಿರುಗಲ್ಲ. ಮುಖ ಕಂಡ್ರೆ ಮಾತ್ರ ನಗ್ತಾಳೆ."

ಒಳಗೆ ಬಂದು ಮಗುವಿನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಧನ್ವಿತಾ ತನ್ನ ಕಾಲ್ಬೆರಳು ಹಿಡಿದು ಆಡುತ್ತಲೇ ಇದ್ದಳು.

"ನಮ್ಮತ್ತೆ ಅಂತಾರೆ… ನಾಮಕರಣದ್ ದಿನ ನಿನ್ ಬಾಕ್ಸಿಂದ್ಲೇ ಕಿವಿ ಹೋಯ್ತು ಅಂತ."

"ನೀನೇನಂತೀಯ?"

"ನಂಗೊತ್ತಿಲ್ಲ ಅಣ್ಣ."

ಆಗಸ್ಟ್ 20

ಮದುವೆ ಆರ್ಡರ್ ಬೇರೆಯವರಿಗೆ ಬಿಟ್ಟುಕೊಟ್ಟೆ. ನಾಮಕರಣಕ್ಕೆ ಒಯ್ದಿದ್ದ ಆ ಎರಡು ಬಾಕ್ಸ್ ನೋಡಲಾಗುತ್ತಿಲ್ಲ. ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ. ಮಗುವಿನ ಕಿವಿ… ಒಣ ಪ್ರತಿಷ್ಠೆಗೆ…

ಆಗಸ್ಟ್ 27, ಮಂಗಳವಾರ

ಬೆಂಗಳೂರು. ಮಗುವನ್ನು ಮಲಗಿಸಿ, ತಲೆಗೆ ವೈರ್ ಅಂಟಿಸಿ ಟೆಸ್ಟ್ ಮಾಡಿದರು. ಎರಡು ಕಿವಿಯೂ ಕೇಳಿಸುವುದಿಲ್ಲ. ಬಾಕ್ಸಿನ ವಿಷಯ ನಾನೇ ಎತ್ತಿದೆ. ಡಾಕ್ಟರಮ್ಮ ತಲೆ ಆಡಿಸಿದರು. "ಇದು ಹುಟ್ಟಿನಿಂದ್ಲೇ ಇರೋದು. ಅವತ್ತಿನ ಸೌಂಡಿಂದ ಆಗಿದ್ದಲ್ಲ."

ಎದೆ ಮೇಲಿದ್ದ ಕಲ್ಲು ಇಳಿಯಿತು. ಪಕ್ಕದಲ್ಲಿ ತಂಗಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಾಳೆ, ನನಗೆ ಹಗುರ! ನಾಚಿಕೆಯಾಯಿತು.

"ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು. ಜೋರು ಸದ್ದಿಗೂ ಮಗು ಬೆಚ್ಚಲ್ಲ ಅನ್ನೋದು ಯಾರ ಗಮನಕ್ಕೂ ಬರ್ಲಿಲ್ವಾ?" ಡಾಕ್ಟರಮ್ಮ ಕೇಳಿದರು.

ಅಕ್ಷತಾ ಮಗುವನ್ನು ಎತ್ತಿಕೊಂಡಳು. ನಾನು ರಿಪೋರ್ಟ್ ಮಡಚಿ ಜೇಬಿಗಿಟ್ಟೆ.

ಅದೇ ದಿನ, ಸಂಜೆ 6

ಅಂಗಡಿಗೆ ಬಂದವನೇ ಹಿಂದಿನ ಪುಟ ತಿರುವಿದೆ. 'ರೆಪ್ಪೆ ಕೂಡ ಅಲುಗಲಿಲ್ಲ.' ನನ್ನದೇ ಅಕ್ಷರ. ನಾಲ್ಕಡಿಯಲ್ಲಿ ಆ ಬಾಕ್ಸ್ ಕೂಗಿದರೆ ಸತ್ತವರೂ ಎದ್ದು ಕೂರಬೇಕು — ಆ ಮಹಡಿಯಲ್ಲಿ ಅದು ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಬೇರೆಯವರು ನಗಬಹುದಿತ್ತು. ನಾನು ನಗಬಾರದಿತ್ತು. ಆರೂವರೆ ತಿಂಗಳು ಹೋಯಿತು.

ಅಕ್ಷತಾಳಿಗೆ ಹೇಳಬೇಕು.

ಸೆಪ್ಟೆಂಬರ್ 15, ಭಾನುವಾರ

ಹೇಳಿದೆ. ಕುಣಿಗಲ್‌ಗೆ ಈ ಡೈರಿ ಒಯ್ದು ಆ ಪುಟ ತೆಗೆದು ಕೈಗೆ ಕೊಟ್ಟೆ. ಎರಡು ಸಲ ಓದಿದಳು. ಮಗುವಿನ ಕಿವಿಗೆ ಈಗ ಮಷೀನ್ ಹಾಕಿದ್ದಾರೆ, ಅದರಿಂದ ಅಷ್ಟೇನೂ ಉಪಯೋಗವಿಲ್ಲ. ಕಿವಿಯೊಳಗೆ ಮಷೀನ್ ಕೂರಿಸುವ ಆಪರೇಷನ್ನೇ ಆಗಬೇಕಂತೆ.

"ಹೆತ್ತೋಳು ನಾನು. ದಿನಾ ಕುಕ್ಕರ್ ಕೂಗ್ತಿತ್ತು, ನಂಗೇ ಗೊತ್ತಾಗ್ಲಿಲ್ಲ."

ಡೈರಿ ಮುಚ್ಚಿ ವಾಪಸ್ ಕೊಟ್ಟಳು.

"ಆದ್ರೆ ನೀನು ಸೌಂಡ್ ಕೆಲ್ಸದೋನು ಅಣ್ಣ."

ಅಷ್ಟೇ. ಕಾಫಿ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 10, ಭಾನುವಾರ

ಮಾರ್ಕೋನಹಳ್ಳಿ. ನಾಮಕರಣ. ಜಾಗ — ಹಜಾರ. ಜನ — ಅರವತ್ತು. ಬಾಕ್ಸ್ — ಎಂಟಿಂಚಿನದು ಒಂದು. ಮಗುವಿನ ತಾತ ಮುಖ ಸಿಂಡರಿಸಿದರು. "ಇದೇನ್ರೀ ಇದು, ರೇಡಿಯೋ ತಂದಿದ್ದೀರಾ?" ಬಗ್ಗಲಿಲ್ಲ.

ಈಗ ಎಲ್ಲೇ ನಾಮಕರಣವಿದ್ದರೂ ಮೊದಲು ತೊಟ್ಟಿಲ ಹಿಂದೆ ನಿಂತು ಒಂದು ಚಪ್ಪಾಳೆ ತಟ್ಟುತ್ತೇನೆ. ಮಗು ಬೆಚ್ಚಿದರೆ ಸೌಂಡ್ ಮಿಕ್ಸರ್ ಹತ್ತಿರ ಹೋಗುತ್ತೇನೆ. ಇದ್ಯಾವ ಶಾಸ್ತ್ರ ಅಂತ ಒಬ್ಬ ಅಜ್ಜಿ ಕೇಳಿದರು. ನಮ್ಮ ಮನೆ ಶಾಸ್ತ್ರ ಅಂದೆ.

ಜನವರಿ 24, 2025, ಶುಕ್ರವಾರ

ಧನ್ವಿತಾಳ ಆಪರೇಷನ್ ಆಯಿತು. ಕಿವಿಯ ಹಿಂದೆ ಪಟ್ಟಿ. ನನ್ನ ಬೆರಳು ಹಿಡಿದುಕೊಂಡೇ ಮಲಗಿದಳು.

ಫೆಬ್ರವರಿ 13, ಗುರುವಾರ

ಇವತ್ತು ಧನ್ವಿತಾಳ ಕಿವಿಯ ಹೊಸ ಮಷೀನಿನ ಸ್ವಿಚ್ ಆನ್ ಮಾಡಿದರಂತೆ. ಗಾಬರಿಯಿಂದ ಅತ್ತಳಂತೆ. ಹತ್ತಿರ ಕೂತು, ಒಬ್ಬೊಬ್ಬರೇ, ಮೆತ್ತಗೆ ಮಾತಾಡಿಸಬೇಕಂತೆ. ಅಕ್ಷತಾ ಫೋನ್ ಮಾಡಿದ್ದಳು. ಸೆಪ್ಟೆಂಬರ್ ಆದ ಮೇಲೆ ಅವಳಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಅವತ್ತು ಹೆಸರು ಅವ್ಳಿಗೆ ಕೇಳೇ ಇಲ್ವಲ್ಲ ಅಣ್ಣ. ಭಾನುವಾರ ಬಾ. ನೀನೇ ಹೇಳು."

ಫೆಬ್ರವರಿ 16, ಭಾನುವಾರ

ಕುಣಿಗಲ್. ಜಾಗ — ಕೋಣೆ, ಹತ್ತಕ್ಕೆ ಹತ್ತಡಿ. ಜನ — ನಾಲ್ಕು. ಬಾಕ್ಸ್ — ಇಲ್ಲ.

ರವೀಶ ಫ್ಯಾನ್ ಆಫ್ ಮಾಡಿ ಕಿಟಕಿ ಮುಚ್ಚಿದ. ಮಗು ಅಕ್ಷತಾಳ ಮಡಿಲಲ್ಲಿ, ನನಗೆ ಬೆನ್ನು ಮಾಡಿ. ಪ್ಲಾಸ್ಟಿಕ್ ಚಮಚದಿಂದ ಅವಳ ಬಳೆಗೆ ಬಡಿಯುತ್ತಿತ್ತು. ಒಂದು ಮೊಳ ದೂರದಲ್ಲಿ ಕೂತೆ. ಇಷ್ಟು ವರ್ಷ ಊರಿಗೆಲ್ಲ ಸೌಂಡ್ ಕೊಟ್ಟವನಿಗೆ ನನ್ನದೇ ದನಿ ಎಷ್ಟಿಡಬೇಕೆಂದು ತಿಳಿಯಲಿಲ್ಲ.

"ಧನ್ವಿತಾ."

ಚಮಚ ನಿಂತಿತು.

"ಧನ್ವಿತಾ."

ತಿರುಗಿದಳು. ಅಕ್ಷತಾ ನನ್ನನ್ನೇ ನೋಡುತ್ತಿದ್ದಳು. "ಇನ್ನೊಂದ್ ಸಲ ಅಣ್ಣ, ಮೂರು ಆಗ್ಬೇಕು" ಅಂದಳು. ಬಾಯಿ ತೆರೆದೆ. ಮೂರನೆಯ ಸಲ ಇನ್ನೂ ಮೆತ್ತಗೆ ಹೇಳಿದೆ.